ಅರ್ಧ ಬಲದ ಲೆಕ್ಕ

ಕಸರತ್ತಿನ ವಿಷಯದಲ್ಲಿ ಜನ ಕೇಳುವ ಪ್ರಶ್ನೆಗಳು ಎರಡು: ಹೇಗೆ ಮಾಡಬೇಕು, ಎಷ್ಟು ಮಾಡಬೇಕು. ಮೊದಲನೆಯದಕ್ಕೆ ಉತ್ತರ ಹೇಳುವವರು ಬೀದಿಗೊಬ್ಬರು ಸಿಗುತ್ತಾರೆ. ಎರಡನೆಯದು ಬಂದಾಗ ಮಾತ್ರ ಬಲ್ಲವರೂ ಗಂಟಲು ಸರಿಪಡಿಸಿಕೊಳ್ಳುವುದುಂಟು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂದಾಗ ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿ ಕಟ್ಟೆಗಳ ಮೇಲೂ, ಭದ್ರಾವತಿಯ ಹೋಟೆಲುಗಳಲ್ಲೂ ವಾರಗಟ್ಟಲೆ ಈ ಎರಡನೆಯ ಪ್ರಶ್ನೆಯದೇ ಮಾತು. ಅಷ್ಟು ಸೊಗಸಾಗಿ ಮೈಯನ್ನು ಸಾಕಿಕೊಂಡಿದ್ದವರಿಗೆ ಹೀಗಾದರೆ ಉಳಿದವರ ಪಾಡೇನು ಎಂದು ತಾಯಂದಿರು ಮಕ್ಕಳನ್ನು ಜಿಮ್ಮಿನಿಂದ ಬಿಡಿಸಿದರು. ನಾಲ್ಕು ತಿಂಗಳಾದ ಮೇಲೆ ಅದೇ ಮಕ್ಕಳು ಅದೇ ಜಿಮ್ಮಿಗೆ ಮತ್ತೆ ಹೋದರು. ಒಬ್ಬರ ಮರಣಕ್ಕೆ ಹೊರಗಿನವರು ಕುಳಿತಲ್ಲೇ ಕಾರಣ ಹಚ್ಚುವುದು ಸಲ್ಲದು. ಆ ಕೆಲಸಕ್ಕೆ ನಾನು ಹೋಗಲಾರೆ. ಆದರೆ ಅಂದು ಎದ್ದ ಪ್ರಶ್ನೆ ಹೊಸದಲ್ಲ. ಅದಕ್ಕೊಂದು ದೀರ್ಘವಾದ ಇತಿಹಾಸವಿದೆ. ಆ ಇತಿಹಾಸದ ಒಂದು ಎಳೆ ನಮ್ಮ ತುಂಗಭದ್ರೆಯರ ನಡುವಣ ನೆಲದಲ್ಲಿಯೂ ಹಾದುಹೋಗಿದೆಯೆಂದು ನನಗೆ ತೋರಿದ್ದರಿಂದ ಈ ನಾಲ್ಕು ಮಾತು.

ನಮ್ಮ ಹಳೆಯ ವೈದ್ಯರು ಈ ಪ್ರಶ್ನೆಗೆ ಕೊಟ್ಟ ಉತ್ತರ ಬಹಳ ಚಿಕ್ಕದು. ಅರ್ಧ ಬಲ. ತನ್ನಲ್ಲಿ ಎಷ್ಟು ಶಕ್ತಿಯಿದೆಯೋ ಅದರ ಅರ್ಧವನ್ನು ಮಾತ್ರ ವ್ಯಾಯಾಮಕ್ಕೆ ಕೊಡಬೇಕು, ಮೀರಿದರೆ ಅದೇ ಕೊಲ್ಲುತ್ತದೆ ಎಂದು ಸುಶ್ರುತಸಂಹಿತೆ ಹೇಳುತ್ತದೆ. ವಾಗ್ಭಟನ ಅಷ್ಟಾಂಗಹೃದಯವೂ ಇದನ್ನೇ ಹೇಳಿ, ಮೇಲೆ ಒಂದು ಕಟ್ಟು ಹಾಕುತ್ತದೆ: ಈ ಅರ್ಧ ಬಲವೂ ಗಟ್ಟಿಮುಟ್ಟಾದವರಿಗೆ, ಎಣ್ಣೆ ತುಪ್ಪದ ಊಟ ಮಾಡುವವರಿಗೆ, ಅದೂ ಚಳಿಗಾಲದಲ್ಲಿ ಮತ್ತು ವಸಂತದಲ್ಲಿ. ಉಳಿದ ಕಾಲದಲ್ಲಿ ಇನ್ನೂ ಕಡಮೆ. ಅತಿಯಾಗಿ ಮಾಡಿದವನ ಗತಿ ಆನೆಯನ್ನು ಎಳೆಯಹೋದ ಸಿಂಹದ ಗತಿಯಾಗುತ್ತದೆಯಂತೆ. ಉಪಮೆಯ ಸೊಗಸನ್ನು ವಾಚಕರು ಗಮನಿಸಬೇಕು. ಸಿಂಹ ದುರ್ಬಲ ಪ್ರಾಣಿಯಲ್ಲ. ಸಾಯುವುದು ಬಲವಿಲ್ಲದ್ದರಿಂದಲ್ಲ, ಬಲವಿದೆಯೆಂಬುದರಿಂದ.

ಅರ್ಧ ಬಲ ಎಂದು ಹೇಳುವುದೇನೋ ಸುಲಭ. ಆದರೆ ಬಲ ತಕ್ಕಡಿಯಲ್ಲಿಟ್ಟು ತೂಗುವ ಪದಾರ್ಥವಲ್ಲ. ಪೂರ್ತಿ ಎಷ್ಟೆಂದು ತಿಳಿಯದೆ ಅರ್ಧವನ್ನು ಕಂಡುಹಿಡಿಯುವುದು ಹೇಗೆ? ಪೂರ್ತಿಯನ್ನು ತಿಳಿಯಹೋದರೆ ಸಿಂಹದ ಪಾಡಾಗುತ್ತದೆ! ಈ ಇಕ್ಕಟ್ಟನ್ನು ಸುಶ್ರುತ ಚೆನ್ನಾಗಿ ಬಲ್ಲ. ಆದಕಾರಣವೇ ಅವನು ಲೆಕ್ಕ ಹೇಳದೆ ಲಕ್ಷಣ ಹೇಳುತ್ತಾನೆ. ಎದೆಯಲ್ಲಿ ನೆಲೆಸಿದ ವಾಯು ವ್ಯಾಯಾಮ ಮಾಡುತ್ತಿರುವವನ ಬಾಯಿಗೆ ಬಂದಾಗ ಅರ್ಧ ಬಲ ವೆಚ್ಚವಾಯಿತೆಂದು ತಿಳಿಯತಕ್ಕದ್ದು. ಎಂದರೆ ಮೂಗಿನಲ್ಲಿ ಆಡುತ್ತಿದ್ದ ಉಸಿರು ಸಾಲದಾಗಿ ಬಾಯಿ ತೆರೆಯಬೇಕಾಗಿ ಬರುವ ಗಳಿಗೆ. ಇದಕ್ಕೆ ಹಣೆಯಲ್ಲಿ, ಮೂಗಿನ ಮೇಲೆ, ಕಂಕುಳಲ್ಲಿ, ಕೈಕಾಲಿನ ಸಂದುಗಳಲ್ಲಿ ಬೆವರೊಡೆಯುವುದು, ಬಾಯಿ ಒಣಗುವುದು ಮೊದಲಾದ ಗುರುತುಗಳನ್ನು ಮುಂದಿನವರು ಸೇರಿಸಿದರು. ಇಷ್ಟು ಬಾರಿ ಎತ್ತು, ಇಷ್ಟು ಮಣ ಹೊರು ಎಂಬ ಸಂಖ್ಯೆ ಇಲ್ಲಿ ಎಲ್ಲಿಯೂ ಇಲ್ಲ. ಅಳೆಯುವ ಕೋಲು ಆಯಾ ಮನುಷ್ಯನ ಮೈಯೊಳಗೇ ಇದೆ.

ಮಲ್ಲರ ವಿಷಯವನ್ನು ವಿವರವಾಗಿ ಬರೆದವನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಸುಮಾರು 1130ರಲ್ಲಿ ಸಿದ್ಧವಾದ ಅವನ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಒಂದು ಭಾಗವೇ ಮೀಸಲಾಗಿದೆ. ಇಂದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿಗೆ ಸೇರಿದ ಬಳ್ಳಿಗಾವೆ ಆಗ ಅವನ ರಾಜ್ಯದ ದೊಡ್ಡ ಪಟ್ಟಣ. ಅರಸನ ಮುಂದೆ ಸೆಣಸಿದವರಲ್ಲಿ ಈ ಕಡೆಯ ಜಟ್ಟಿಗಳೂ ಇದ್ದಿರಬಹುದೆಂದು ಊಹಿಸುವ ಆಸೆ ನನಗೆ. ಇರಲಿ. ಅಲ್ಲಿ ಮಲ್ಲರ ಅಭ್ಯಾಸಗಳಿಗೆ ಇಟ್ಟಿರುವ ಹೆಸರುಗಳು ನನ್ನ ಗಮನವನ್ನು ಸೆಳೆದವು. ಭಾರ ಎತ್ತುವುದು ಭಾರಶ್ರಮ. ನಡಿಗೆ ಭ್ರಮಣಶ್ರಮ. ನೀರಿನಲ್ಲಿ ಮಾಡುವುದು ಸಲಿಲಶ್ರಮ. ಕಂಬದ ಮೇಲಿನದು ಸ್ತಂಭಶ್ರಮ. ನಾವು ಇಂದು ವ್ಯಾಯಾಮಕ್ಕೆ ಸಲಕರಣೆಯ ಹೆಸರಿಡುತ್ತೇವೆ, ಡಂಬ್‌ಬೆಲ್ ಎನ್ನುತ್ತೇವೆ, ಬಾರ್ ಎನ್ನುತ್ತೇವೆ. ಅವರು ಸಲಕರಣೆಯ ಹೆಸರು ಹೇಳಿ ಅಷ್ಟಕ್ಕೇ ನಿಲ್ಲಲಿಲ್ಲ. ಅದರಿಂದ ಮೈಗೆ ಆಗುವ ಶ್ರಮ ಯಾವುದೋ ಅದನ್ನೂ ಹೆಸರಿನೊಳಗೆ ಸೇರಿಸಿದರು.

ಇನ್ನು ಗ್ರಂಥದಿಂದ ಗರಡಿಗೆ ಬರೋಣ. 1960ರ ದಶಕದ ಕೊನೆಯಲ್ಲಿ ನಾನು ಹುಡುಗನಾಗಿದ್ದಾಗ ಶಿವಮೊಗ್ಗದ ಕೋಟೆಯ ಕಡೆಯ ಒಂದು ಗರಡಿಗೆ ಎರಡು ವರ್ಷ ಹೋದೆ. ಪೈಲ್ವಾನನಾಗುವ ಯೋಗ್ಯತೆ ನನ್ನ ಮೈಕಟ್ಟಿಗೆ ಇರಲಿಲ್ಲ. ನೆಗಡಿ ಬಿಡಲೆಂದು ಅಜ್ಜಿ ಕಳುಹಿಸಿದ್ದಳು. ತಗ್ಗಾದ ಬಾಗಿಲು, ಬಗ್ಗಿ ಒಳಹೋಗಬೇಕು. ಒಳಗೆ ಎಣ್ಣೆ, ಅರಿಸಿನ, ಮಜ್ಜಿಗೆ, ನಿಂಬೆರಸ ಹಾಕಿ ಹದಮಾಡಿದ ಕೆಮ್ಮಣ್ಣಿನ ಅಖಾಡ. ಗೋಡೆಯಲ್ಲಿ ಹನುಮಂತ. ಮೂಲೆಯಲ್ಲಿ ಗದೆ, ಲೋಡು, ಮೂರು ಕಲ್ಲುಗುಂಡು. ಆ ಗುಂಡುಗಳ ತೂಕ ಎಷ್ಟೆಂದು ಯಾರೂ ಹೇಳಿದವರಿಲ್ಲ. ಚಿಕ್ಕದು, ನಡುವಣದು, ದೊಡ್ಡದು, ಅಷ್ಟೇ ಅವುಗಳ ಹೆಸರು. ಚಿಕ್ಕದರಿಂದ ನಡುವಣದಕ್ಕೆ ಯಾವಾಗ ಹೋಗಬೇಕೆಂಬುದನ್ನು ಉಸ್ತಾದರು ಹೇಳಬೇಕು, ನಾವು ಕೇಳುವಂತಿಲ್ಲ.

ಉಸ್ತಾದರು ಗುಂಡನ್ನು ನೋಡುತ್ತಿರಲಿಲ್ಲ, ಎತ್ತುವವನ ಮುಖ ನೋಡುತ್ತಿದ್ದರು. ದಂಡೆ ಹೊಡೆಯುವಾಗ, ಬಸ್ಕಿ ಹಾಕುವಾಗ ಎಲ್ಲರೂ ಗಟ್ಟಿಯಾಗಿ ಎಣಿಸಬೇಕೆಂಬುದು ಅಲ್ಲಿಯ ಕಟ್ಟಳೆ. ಶಿಸ್ತಿಗಾಗಿ ಎಣಿಸುತ್ತೇವೆಂದು ನಾವು ತಿಳಿದಿದ್ದೆವು. ಹಾಗಲ್ಲ. ಅವರು ಎಣಿಕೆಗೆ ಕಿವಿಗೊಟ್ಟವರೇ ಅಲ್ಲ, ದನಿಗೆ ಕಿವಿಗೊಟ್ಟಿದ್ದರು. ಮೂವತ್ತೆರಡು ಎನ್ನುವಾಗ ದನಿ ಒಡೆಯಿತೋ, ಮೂವತ್ತಮೂರಕ್ಕೆ ಉಸಿರು ಸಾಲದೆ ಅರ್ಧ ಮಾತು ನುಂಗಿತೋ, ಆ ಹುಡುಗನ ಬೆನ್ನಿಗೆ ಅವರ ಅಂಗೈ ಬೀಳುತ್ತಿತ್ತು. "ಸಾಕೋ ತಮ್ಮ, ಏಳು. ನಾಳಿಗೂ ಒಂದಿಷ್ಟು ಇಟ್ಕೊ." ಪಕ್ಕದವನು ಐವತ್ತು ಮುಟ್ಟಿರಬಹುದು. "ಇನ್ನೂ ಆಗ್ತದೆ ಉಸ್ತಾದ್ರೇ" ಎಂದರೆ, "ಆಗ್ತದೆ ಅಂತ ನಂಗೂ ಗೊತ್ತು, ಅದಕ್ಕೇ ಸಾಕು ಅಂದಿದ್ದು" ಎಂಬ ಉತ್ತರ ಬರುತ್ತಿತ್ತು. ಬಾಯಿ ಮುಚ್ಚಿಕೊಂಡು ಮಾಡು, ಬಾಯಿ ತೆರೆಯಿತೆಂದರೆ ನಿಲ್ಲು ಎಂಬುದು ಅವರ ಇನ್ನೊಂದು ಮಾತು. ಓದು ಬರಹ ಅಷ್ಟಾಗಿ ಇಲ್ಲದ ಆ ಮನುಷ್ಯ ಸುಶ್ರುತನನ್ನು ಕಂಡಿರಲು ಸಾಧ್ಯವಿಲ್ಲ. ಮಾತು ಕೈಯಿಂದ ಕೈಗೆ ಹಾಯ್ದು ಆ ಮಣ್ಣಿನವರೆಗೆ ಬಂದಿತ್ತು.

ಆಮೇಲೆ ನಮ್ಮ ತಂದೆಗೆ ಭದ್ರಾವತಿಯಲ್ಲಿ ಕೆಲಸವಾಗಿ ನಾವು ಹನ್ನೊಂದು ಹನ್ನೆರಡು ಮೈಲಿ ಆಚೆಗೆ ಬಿಡಾರ ಬದಲಿಸಿದೆವು. ಹಳೆಯ ಬೆಂಕಿಪುರ ಅದು. ಹೆಸರಿಗೆ ತಕ್ಕಂತೆ ಅಲ್ಲಿ ರಾತ್ರಿಯ ಆಕಾಶ ಕೆಂಪಾಗುವುದನ್ನು ಮೊದಲು ಕಂಡಾಗ ನನಗೆ ಹೆದರಿಕೆಯಾಗಿತ್ತು. ಹಳೆಯ ಊರಿನ ಒಂದು ಗರಡಿಯಲ್ಲಿ ಕಾರ್ಖಾನೆಯ ಕೆಲಸಗಾರರು ಬಹಳ ಮಂದಿ ಬರುತ್ತಿದ್ದರು. ಅಲ್ಲಿಯ ಉಸ್ತಾದರು ಒಳಗೆ ಕಾಲಿಟ್ಟವನನ್ನು ಮೊದಲು ಕೇಳುತ್ತಿದ್ದ ಪ್ರಶ್ನೆ "ಏನಪ್ಪಾ, ಇವತ್ತು ಯಾವ ಪಾಳಿ?" ಎಂದು. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಎಣ್ಣೆ ಹಚ್ಚಿಕೊಂಡು ಇಪ್ಪತ್ತು ಬಸ್ಕಿ. ರಜೆಯಲ್ಲಿದ್ದವನಿಗೆ ನೂರು. ಕುಲುಮೆಯ ಹತ್ತಿರ ನಿಂತು ಬಂದವನಿಗೆ ಕುಸ್ತಿ ಇಲ್ಲವೇ ಇಲ್ಲ, ಮಣ್ಣು ಅಗೆದು ಹದಮಾಡಿ ಮನೆಗೆ ಹೋಗಬೇಕು. ಒಂದೇ ಮೈ, ಒಂದೇ ಬಸ್ಕಿ. ಆದರೆ ಸೋಮವಾರದ ಐವತ್ತಕ್ಕೂ ಗುರುವಾರದ ಐವತ್ತಕ್ಕೂ ಬೆಲೆ ಬೇರೆ ಎಂಬುದು ಅವರಿಗೆ ಅಂಗೈ ನೆಲ್ಲಿಯಾಗಿತ್ತು.

ಹೀಗೆಂದು ಗರಡಿಯನ್ನು ದೇವಸ್ಥಾನ ಮಾಡಲು ನಾನು ಹೊರಟಿಲ್ಲ. ಎಲ್ಲ ಉಸ್ತಾದರೂ ಹೀಗಿರಲಿಲ್ಲ. ಸಾವಿರ ಬಸ್ಕಿ ಹಾಕಿದೆ, ಎರಡು ಸಾವಿರ ದಂಡೆ ಹೊಡೆದೆ ಎಂಬ ಜಂಬದ ಎಣಿಕೆಗಳು ಗರಡಿಯಲ್ಲಿಯೇ ಹುಟ್ಟಿದವು. ಜಾತ್ರೆಯಲ್ಲಿ ಗುಂಡೆತ್ತಿ ಸೊಂಟ ಹಿಡಿಸಿಕೊಂಡು ಮೂಲೆ ಸೇರಿದವರನ್ನು ನಾನೇ ಕಂಡಿದ್ದೇನೆ. ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆಯದು. ಆ ಅರಿವೆಲ್ಲ ಒಬ್ಬ ಮನುಷ್ಯನ ಕಣ್ಣು ಕಿವಿಯಲ್ಲಿತ್ತು. ಅವನು ತೀರಿಕೊಂಡರೆ ಅದೂ ತೀರಿತು. ಬರೆದಿಟ್ಟವರಿಲ್ಲ, ಬರೆದಿಡಬಹುದೆಂದು ಯಾರಿಗೂ ತೋರಲೂ ಇಲ್ಲ.

ಬರೆದಿಡುವ ವಿದ್ಯೆ ಬಂದದ್ದು ಕಬ್ಬಿಣದ ಜೊತೆಯಲ್ಲಿ. ಭದ್ರಾವತಿಯಲ್ಲಿ ಇದ್ದಿಲಿನ ಊದುಕುಲುಮೆ ಹೊತ್ತಿ ಬೀಡು ಕಬ್ಬಿಣ ಹರಿಯತೊಡಗಿದ್ದು 1923ರಲ್ಲಿ. ಅದೇ ವರ್ಷ ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಲಿಯ ಅಧ್ಯಕ್ಷತೆ ವಹಿಸಿ 1929ರವರೆಗೆ ನಡೆಸಿದರು. ಉಕ್ಕಿನ ತಯಾರಿಕೆ ಸೇರಿದ್ದು 1936ರಲ್ಲಿ. ಕರಗಿದ ಬೀಡು ಕಬ್ಬಿಣವನ್ನು ಮರಳಿನ ಅಚ್ಚುಗಳಿಗೆ ಹರಿಯಬಿಟ್ಟು ಗಟ್ಟಿಗಳಾಗಿ ಎರಕ ಹೊಯ್ಯುವುದು ಲೋಕದ ಎಲ್ಲ ಕಡೆಯ ಹಳೆಯ ಪದ್ಧತಿ. ಮನುಷ್ಯನ ದಣಿವನ್ನು ಅಂಕಿಯಲ್ಲಿ ಹಿಡಿಯುವ ಹೆಸರಾಂತ ಪ್ರಯೋಗವೊಂದು ನಡೆದದ್ದು ಇಂಥ ಗಟ್ಟಿಗಳನ್ನು ಹೊರುವವರ ಮೇಲೆಯೇ ಎಂಬುದು ನಮ್ಮ ಊರಿನಲ್ಲಿ ಅಷ್ಟಾಗಿ ತಿಳಿದ ಸಂಗತಿಯಲ್ಲ.

1899ರಲ್ಲಿ ಅಮೆರಿಕದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಫ್ರೆಡರಿಕ್ ಟೇಲರ್ ಎಂಬ ಎಂಜಿನಿಯರ್ ಗಡಿಯಾರ ಹಿಡಿದು ನಿಂತ. ಒಂದೊಂದು ಗಟ್ಟಿಯ ತೂಕ 92 ಪೌಂಡು. ಆಳುಗಳು ಅದನ್ನು ನೆಲದಿಂದೆತ್ತಿ, ಹಲಗೆ ಹತ್ತಿ, ರೈಲಿನ ಬಂಡಿಗೆ ಹಾಕಬೇಕು. ಆಳೊಬ್ಬ ದಿನಕ್ಕೆ ಸಾಗಿಸುತ್ತಿದ್ದದ್ದು ಹನ್ನೆರಡೂವರೆ ಟನ್. ಒಳ್ಳೆಯ ಆಳು ಸಾಗಿಸಬಲ್ಲದ್ದು 47 ಟನ್ ಎಂದು ಟೇಲರ್ ಲೆಕ್ಕ ಕಟ್ಟಿದ. ದಿನಕ್ಕೆ ಸುಮಾರು 1,150 ಗಟ್ಟಿ! ಒಬ್ಬನಿಂದ ಮಾಡಿಸಿಯೂ ತೋರಿಸಿದನೆಂದು 1911ರ ಅವನ ಪುಸ್ತಕ ಹೇಳುತ್ತದೆ. ಆ ಕಥೆಯಲ್ಲಿ ಉಪ್ಪು ಖಾರ ಬಹಳ ಸೇರಿದೆಯೆಂದು 1974ರಲ್ಲಿ ರೆಗ್ ಮತ್ತು ಪೆರೋನಿ ಎಂಬ ವಿದ್ವಾಂಸರು ಹಳೆಯ ಕಡತಗಳನ್ನು ತೆಗೆದು ತೋರಿಸಿದರು. ನನಗೆ ಅದು ಆಶ್ಚರ್ಯವೆನಿಸಲಿಲ್ಲ. 47 ಟನ್ ಕಬ್ಬಿಣ ಎಂದರೆ ಎಷ್ಟೆಂದು ಭದ್ರಾವತಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಆದರೂ ಟೇಲರ್ ಹೇಳಿದ್ದರಲ್ಲಿ ಒಂದು ಮಾತು ಬಹಳ ಬೆಲೆಯುಳ್ಳದ್ದು. ಎಷ್ಟು ತೂಕವನ್ನು ಎಷ್ಟು ಎತ್ತರಕ್ಕೆ ಏರಿಸಿದರೆ ಎಷ್ಟು ದಣಿವು ಎಂಬ ಸೂತ್ರವನ್ನು ಅವನು ಮೊದಲು ಹುಡುಕಿದ; ಸಿಗಲಿಲ್ಲ. ಒಂದೇ ಲೆಕ್ಕದ ಕೆಲಸ ಒಬ್ಬನನ್ನು ಬಳಲಿಸಿದರೆ ಇನ್ನೊಬ್ಬನನ್ನು ಬಳಲಿಸಲಿಲ್ಲ. ಕೊನೆಗೆ ಸಿಕ್ಕ ನಿಯಮ ಇದು: 92 ಪೌಂಡಿನ ಗಟ್ಟಿ ಹೊರುವವನ ಕೈಯಲ್ಲಿ ದಿನದ 43 ಪಾಲು ಮಾತ್ರ ಭಾರವಿರಬೇಕು, 57 ಪಾಲು ಕೈ ಬರಿದಾಗಿರಬೇಕು. ಗಟ್ಟಿ ಅರ್ಧ ತೂಕದ್ದಾದರೆ 58 ಪಾಲು ಹೊರಬಹುದು. ಎಷ್ಟು ಎತ್ತಬೇಕೆಂಬುದಕ್ಕಿಂತ ಎಷ್ಟು ಹೊತ್ತು ಎತ್ತದೆ ಇರಬೇಕೆಂಬುದೇ ಕೀಲಕವಾಯಿತು. ಅರ್ಧ ಬಲದ ಹತ್ತಿರಕ್ಕೇ ಗಡಿಯಾರವೂ ಬಂದು ನಿಂತಿತಲ್ಲ ಎಂದು ನನಗೆ ಸೋಜಿಗವಾಗುತ್ತದೆ. ಆದರೆ ಗರಡಿಗೂ ಟೇಲರನಿಗೂ ಇದ್ದ ಅಂತರ ಅಷ್ಟಿಷ್ಟಲ್ಲ. ಭದ್ರಾವತಿಯ ಉಸ್ತಾದರು ಪಾಳಿಯನ್ನು ಕೇಳಿ ಎಣಿಕೆಯನ್ನು ಇಳಿಸುತ್ತಿದ್ದರು. ಟೇಲರನ ಆಳು ಕೂರು ಎಂದಾಗ ಕೂರಬೇಕು, ಏಳು ಎಂದಾಗ ಏಳಬೇಕು. ನಿನಗೆ ಹೇಗಿದೆ ಎಂದು ಅವನನ್ನು ಕೇಳುವುದು ಆ ಶಾಸ್ತ್ರದ ಹೊರಗಿನ ಮಾತು.

ಅಂಕಿ ವ್ಯಾಯಾಮಶಾಲೆಗೂ ಹೆಚ್ಚು ಕಡಮೆ ಅದೇ ಕಾಲಕ್ಕೆ ಬಂದಿತು. 1902ರಲ್ಲಿ ಫಿಲಡೆಲ್ಫಿಯಾದ ಆಲನ್ ಕಾಲ್ವರ್ಟ್ ತೂಕ ಹೆಚ್ಚು ಕಡಮೆ ಮಾಡಬಹುದಾದ ಬಾರ್‌ಬೆಲ್ಲುಗಳನ್ನು ಮಾರತೊಡಗಿದ. ಬಲಭೀಮನೆಂದು ಹೆಸರಾದ ಯೂಜೆನ್ ಸ್ಯಾಂಡೋ 1904-05ರಲ್ಲಿ ಭಾರತಕ್ಕೆ ಬಂದುಹೋದ. ಕನ್ನಡನಾಡಿನಲ್ಲಿ ಈ ಹೊಸ ವಿದ್ಯೆಗೆ ಹಳೆಯ ದಂಡೆ, ಸೂರ್ಯನಮಸ್ಕಾರಗಳ ಕಸಿ ಕಟ್ಟಿದವರು ಕೆ. ವಿ. ಅಯ್ಯರ್. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವೆಂದು ವಾಚಕರು ಅವರನ್ನು ಬಲ್ಲರು. ಬೆಂಗಳೂರಿನಲ್ಲಿ ಅವರ ವ್ಯಾಯಾಮಶಾಲೆಯನ್ನು ಬಲ್ಲವರೂ ಅಷ್ಟೇ ಮಂದಿ ಇದ್ದರು. ಅವರು ಅಂಚೆಯ ಮೂಲಕವೂ ದೇಹಸಾಧನೆಯನ್ನು ಕಲಿಸುತ್ತಿದ್ದರು. ಈ ಅಂಚೆ ಪಾಠ ನನಗೆ ಬಹಳ ಯೋಚನೆ ಹುಟ್ಟಿಸಿದ ಸಂಗತಿ. ಗುರು ಬೆಂಗಳೂರಿನಲ್ಲಿ, ಶಿಷ್ಯ ಎಲ್ಲೋ ದೂರದ ಊರಿನಲ್ಲಿ. ಶಿಷ್ಯನ ದನಿ ಒಡೆದದ್ದು ಗುರುವಿಗೆ ಕೇಳಿಸದು, ಹಣೆಯ ಬೆವರು ಕಾಣದು. ಆಗ ಗುರು ಏನು ಬರೆದು ಕಳುಹಿಸಬೇಕು? ಇಂಥ ತೂಕ, ಇಷ್ಟು ಬಾರಿ, ಇಷ್ಟು ದಿನಕ್ಕೆ ಇಷ್ಟು ಏರಿಕೆ. ಅಂಕಿ ಗುರುವಿನ ಕಣ್ಣಿನ ಬದಲಿಗೆ ನಿಂತಿತು. ಅದರ ಉಪಕಾರ ದೊಡ್ಡದು. ಗರಡಿಯ ಬಾಗಿಲು ಹತ್ತಿರವಿಲ್ಲದವನಿಗೂ, ಬಾಗಿಲು ತೆರೆಯದವನಿಗೂ ವಿದ್ಯೆ ಮುಟ್ಟಿತು. ಆದರೆ ಅಂಕಿಗೆ ಪಾಳಿ ಯಾವುದೆಂದು ಕೇಳಲು ಬರುವುದಿಲ್ಲ.

ಅಂಕಿಗೆ ಶಾಸ್ತ್ರದ ಬೆಂಬಲ ಸಿಕ್ಕಿದ್ದು 1945ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಮೊಣಕಾಲು ಮುರಿದುಕೊಂಡು ಬಂದ ಸೈನಿಕರಿಂದ ಅಮೆರಿಕದ ಆಸ್ಪತ್ರೆಗಳು ತುಂಬಿದ್ದುವು. ಆಗ ಸೇನೆಯ ವೈದ್ಯನಾಗಿದ್ದ ಥಾಮಸ್ ಡಿಲಾರ್ಮ್, ತಾನೇ ಭಾರ ಎತ್ತುವವನಾಗಿದ್ದದ್ದರಿಂದ, ಹಗುರ ಕಸರತ್ತಿನ ಬದಲು ಭಾರದ ಕಸರತ್ತನ್ನು ಮಾಡಿಸಿ ನೋಡಿದ. ಹತ್ತು ಬಾರಿ ಎತ್ತಲಾಗಿ ಹನ್ನೊಂದನೆಯದು ಆಗದು ಎಂಬಂಥ ತೂಕವೇ ಅವನ ಅಳತೆಗೋಲು. 1948ರ ಹೊತ್ತಿಗೆ ಅವನೂ ವಾಟ್ಕಿನ್ಸ್ ಎಂಬ ಜೊತೆಗಾರನೂ ಪದ್ಧತಿಯನ್ನು ಚಿಕ್ಕದು ಮಾಡಿದರು: ಮೊದಲ ಹತ್ತು ಆ ತೂಕದ ಅರ್ಧದಲ್ಲಿ, ಎರಡನೆಯ ಹತ್ತು ಮುಕ್ಕಾಲಿನಲ್ಲಿ, ಮೂರನೆಯ ಹತ್ತು ಪೂರ್ತಿಯಲ್ಲಿ. ಇಂದು ಯಾವ ಊರಿನ ಜಿಮ್ಮಿಗೆ ಹೋದರೂ ಹುಡುಗರು 'ಮೂರು ಸೆಟ್ಟು, ಹತ್ತು ಹತ್ತು' ಎನ್ನುವುದು ಕೇಳುತ್ತದಲ್ಲ, ಆ ಮಂತ್ರದ ಋಷಿ ಈತ. ಡಿಲಾರ್ಮನ ತೂಕ ಸೈನಿಕನಿಂದ ಸೈನಿಕನಿಗೆ ಬೇರೆಯಾಗುತ್ತಿತ್ತು, ಅವನವನ ಹತ್ತರ ಎಲ್ಲೆಯನ್ನು ನೋಡಿ ಗೊತ್ತುಮಾಡಿದ್ದು. ಜನ ಎಲ್ಲೆಯನ್ನು ಬಿಟ್ಟರು, ಹತ್ತನ್ನು ಮಾತ್ರ ಉಳಿಸಿಕೊಂಡರು.

ಮುಂದೆ ಸ್ವೀಡನ್ ದೇಶದ ಗುನ್ನಾರ್ ಬೋರ್ಗ್ ಎಂಬ ಮನಶ್ಶಾಸ್ತ್ರಜ್ಞ ಟೇಲರ್ ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳಿದ: ಕೆಲಸ ಮಾಡುವವನಿಗೆ ಅದು ಎಷ್ಟು ಕಷ್ಟವೆನಿಸುತ್ತದೆ? 1960ರ ದಶಕದಲ್ಲಿ ನಡೆಸಿದ ಪ್ರಯೋಗಗಳಿಂದ ಅವನು 6ರಿಂದ 20ರವರೆಗೆ ಒಂದು ಅಳತೆಪಟ್ಟಿ ಮಾಡಿದ. ಏನೂ ಶ್ರಮವಿಲ್ಲದಿದ್ದರೆ 6, ಸ್ವಲ್ಪ ಕಷ್ಟವಾದರೆ 13, ಇನ್ನು ಆಗದು ಎಂಬಲ್ಲಿ 20. ಆರರಿಂದ ಏಕೆ ಮೊದಲಾಗಬೇಕೆಂದು ವಾಚಕರು ಕೇಳಬಹುದು. ಆರೋಗ್ಯವಂತನೊಬ್ಬ ಹೇಳಿದ ಅಂಕಿಗೆ ಒಂದು ಸೊನ್ನೆ ಸೇರಿಸಿದರೆ ಸುಮಾರಾಗಿ ಅವನ ನಾಡಿಯ ಬಡಿತ ಸಿಗುತ್ತಿತ್ತು! ಸುಮ್ಮನೆ ಕೂತವನದು ಅರುವತ್ತು, ಎಲ್ಲೆ ಮುಟ್ಟಿದವನದು ಇನ್ನೂರು. ಮೈಯ ಮಾತನ್ನು ನಂಬಬಹುದೆಂದು ಯಂತ್ರವೇ ಸಾಕ್ಷಿ ಹೇಳಿದಂತಾಯಿತು. ಭಾರ ಎತ್ತುವವರಿಗೆಂದು ಇನ್ನೊಂದು ಪಟ್ಟಿಯನ್ನು 2016ರಲ್ಲಿ ಮೈಕೆಲ್ ಝೋರ್ಡಾಸ್ ಮತ್ತು ಸಂಗಡಿಗರು ಪರೀಕ್ಷಿಸಿ ಪ್ರಕಟಿಸಿದರು. ಅದರಲ್ಲಿ ಕೇಳುವುದು ಎಷ್ಟು ಎತ್ತಿದೆ ಎಂದಲ್ಲ, ಇನ್ನೆಷ್ಟು ಎತ್ತಬಹುದಾಗಿತ್ತು ಎಂದು. ಇನ್ನು ಒಂದೂ ಆಗದಿದ್ದರೆ ಹತ್ತು ಅಂಕ. ಒಂದು ಉಳಿದಿದ್ದರೆ ಒಂಬತ್ತು. ಎರಡು ಉಳಿದಿದ್ದರೆ ಎಂಟು. ಇದನ್ನು ಮೊದಲು ಓದಿದಾಗ ನಾಳಿಗೂ ಒಂದಿಷ್ಟು ಇಟ್ಕೊ ಎಂಬ ಮಾತಿಗೆ ಯಾರೋ ಅಂಕಿ ಹಚ್ಚಿದ್ದಾರೆಂದು ನನಗೆ ಅನ್ನಿಸಿತು.

ಆ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಹಳಬರನ್ನೂ ಹೊಸಬರನ್ನೂ ಅವರವರ ಸಾಮರ್ಥ್ಯದ ತುತ್ತತುದಿಯ ಭಾರದೊಡನೆ ಬಸ್ಕಿ ಹಾಕಿಸಿ ಅಂಕ ಕೇಳಿದರು. ಹಳಬರು ಹತ್ತರ ಹತ್ತಿರ ಹೇಳಿದರು. ಹೊಸಬರ ಸರಾಸರಿ ಒಂಬತ್ತರ ಆಸುಪಾಸಿನಲ್ಲಿ ನಿಂತಿತು. ಎಲ್ಲೆಯ ಮೇಲೆ ನಿಂತಿದ್ದರೂ ಇನ್ನೂ ಒಂದು ಉಳಿದಿದೆಯೆಂದು ಅವರ ಎಣಿಕೆ. ತನ್ನ ದಣಿವನ್ನು ತಾನು ತಿಳಿಯುವುದು ಹುಟ್ಟಿನಿಂದ ಬರುವ ಗುಣವಲ್ಲ, ದಂಡೆಯಂತೆ ಬಸ್ಕಿಯಂತೆ ಅದೂ ಕಲಿಯತಕ್ಕ ವಿದ್ಯೆ. ಗರಡಿಯ ಉಸ್ತಾದರು ಬೆನ್ನಿಗೆ ತಟ್ಟಿ ತಟ್ಟಿ ಕಲಿಸುತ್ತಿದ್ದದ್ದು ಪಟ್ಟುಗಳಿಗಿಂತ ಹೆಚ್ಚಾಗಿ ಇದನ್ನೇ ಎಂದು ನಾನು ಈಗ ನಂಬಿದ್ದೇನೆ.

ಕಲಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಬೀದಿಯ ಕಾಲೇಜು ಹುಡುಗನೊಬ್ಬ ಕೆಲವು ವರ್ಷಗಳ ಕೆಳಗೆ, ಪರೀಕ್ಷೆಗಾಗಿ ಮೂರು ತಿಂಗಳು ಮೈ ಬಗ್ಗಿಸದೆ ಕೂತವನು, ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ನೋಡಿ ಒಂದೇ ದಿನ ಮುನ್ನೂರು ಬಸ್ಕಿ ಹಾಕಿದ. ಮೊದಲು ಅಷ್ಟು ಹಾಕುತ್ತಿದ್ದವನೇ. ಎರಡು ದಿನದ ಮೇಲೆ ತೊಡೆಗಳು ಮರದಂತಾಗಿ, ಮೂತ್ರ ಚಹದ ಬಣ್ಣಕ್ಕೆ ತಿರುಗಿತು. ಅತಿಶ್ರಮದಿಂದ ಸ್ನಾಯುವಿನ ಎಳೆಗಳು ಒಡೆದು, ಅವುಗಳ ಒಳಗಿನ ಪದಾರ್ಥ ರಕ್ತಕ್ಕೆ ಸೇರಿ, ಮೂತ್ರಪಿಂಡಗಳನ್ನು ಕಟ್ಟಿಹಾಕುವ ಸ್ಥಿತಿ ಅದು. 1941ರಲ್ಲಿ ಲಂಡನ್ನಿನ ಬಾಂಬು ದಾಳಿಯಲ್ಲಿ ಗೋಡೆಯಡಿ ಸಿಕ್ಕಿ ಜಜ್ಜಿಹೋದವರಲ್ಲಿ ಬೈವಾಟರ್ಸ್ ಎಂಬ ವೈದ್ಯ ವಿವರಿಸಿದ ಕೇಡೇ ಇಲ್ಲಿ ಬಸ್ಕಿಯಿಂದ ಬಂದಿತ್ತು. ಹುಡುಗ ಆರು ದಿನ ಆಸ್ಪತ್ರೆಯಲ್ಲಿದ್ದು ಉಳಿದುಕೊಂಡ. ಅವನ ತಾಯಿ ನನ್ನನ್ನು ಕೇಳಿದರು: "ಅಣ್ಣಾ, ಇವನು ಸೋಮಾರಿ ಅಂತ ನಾನೇ ಬೈತಿದ್ದೆ. ಮಾಡಿದ್ದು ತಪ್ಪಾ, ಬಿಟ್ಟಿದ್ದು ತಪ್ಪಾ?" ಎರಡೂ ಅಲ್ಲ, ಬಿಟ್ಟಿದ್ದನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಹಳೆಯ ಅಂಕಿಗೇ ಕೂತದ್ದು ಎಂದೆ. ಮುನ್ನೂರು ಎಂಬುದು ಮೂರು ತಿಂಗಳ ಹಿಂದಿನ ಹುಡುಗನ ಅಂಕಿ.

ಅಂಕಿಯನ್ನೇ ನಂಬಬೇಕಾದ ಜಾಗವೂ ಒಂದಿದೆ, ಸ್ಪರ್ಧೆಯ ಕಟ್ಟೆ. ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಪದಕವನ್ನೂ, 2022ರಲ್ಲಿ 269 ಕಿಲೋ ಎತ್ತಿ ಕಂಚನ್ನೂ ತಂದರು. ಅಲ್ಲಿ ಮುಖ ನೋಡಿ ಪದಕ ಕೊಡುವವರಿಲ್ಲ. ಇವರು ಮೊದಲು ಕುಸ್ತಿಯವರು, ಆಮೇಲೆ ಭಾರಕ್ಕೆ ತಿರುಗಿದವರು ಎಂಬುದನ್ನು ಕೇಳಿ ನನ್ನ ಗರಡಿ ಪಕ್ಷಪಾತ ಸ್ವಲ್ಪ ಹಿಗ್ಗಿತು.

ಶಿವಮೊಗ್ಗದಲ್ಲಿ ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆಯ ಜಾತ್ರೆಯ ಕುಸ್ತಿಗೆ ಇಂದಿಗೂ ಜನ ಕಿಕ್ಕಿರಿಯುತ್ತಾರೆ. ಅಲ್ಲಿ ಇಳಿಯುವ ಹುಡುಗರಲ್ಲಿ ಬಹುಮಂದಿ ಬೆಳಗ್ಗೆ ಮಣ್ಣಿನಲ್ಲಿ, ಸಂಜೆ ಕಬ್ಬಿಣದಲ್ಲಿ ಸಾಧನೆ ಮಾಡುವವರು. ಕಳೆದ ವರ್ಷ ಭದ್ರಾವತಿಯಲ್ಲಿ ಪರಿಚಯದವರೊಬ್ಬರ ಚಿಕ್ಕ ಜಿಮ್ಮಿಗೆ ಹೋಗಿದ್ದೆ. ಬಾಡಿಗೆ ಮಳಿಗೆ, ತಗಡಿನ ಮಾಡು. ಗೋಡೆಗೆ ಕರಿಹಲಗೆ, ಅದರಲ್ಲಿ ಪ್ರತಿಯೊಬ್ಬನ ಹೆಸರಿನ ಮುಂದೆ ಮೂರು ಅಂಕಣ: ತೂಕ, ಎಣಿಕೆ, ಉಳಿದದ್ದು. ಮೂರನೆಯ ಅಂಕಣದಲ್ಲಿ ಹೊಸ ಹುಡುಗರು ಬರೆಯುವುದೆಲ್ಲ ಸುಳ್ಳು ಎಂದು ಅವರು ನಕ್ಕರು. ಒಂದೂ ಉಳಿದಿಲ್ಲ ಎಂದು ಬರೆದವನನ್ನು ಹಗುರವಾದ ಯಂತ್ರದ ಮೇಲೆ ಕೂರಿಸಿ, ತಾವು ಪಕ್ಕದಲ್ಲಿ ನಿಂತು, ಆಗದು ಎನ್ನುವವರೆಗೆ ಮಾಡಿಸುತ್ತಾರಂತೆ. ನಾಲ್ಕೈದು ಹೆಚ್ಚಿಗೆ ಬರುವುದುಂಟು. ಎರಡು ಉಳಿದಿದೆ ಎಂದವನಿಗೆ ಅರ್ಧವೂ ಬಾರದಿರುವುದೂ ಉಂಟು, ಅವನನ್ನು ಮನೆಗೆ ಕಳುಹಿಸುತ್ತಾರೆ. ಐದಾರು ತಿಂಗಳಾದ ಮೇಲೆ ಹುಡುಗರು ಬರೆಯುವುದಕ್ಕೂ ಇವರು ಕಾಣುವುದಕ್ಕೂ ತಾಳೆಯಾಗತೊಡಗುತ್ತದೆ. ನಾನು ಹೋದ ದಿನ ಒಬ್ಬ ಮೊದಲೆರಡು ಅಂಕಣಗಳನ್ನು ಬರೆದು ಸೀಮೆಸುಣ್ಣ ಹಿಡಿದು ಬಹಳ ಹೊತ್ತು ನಿಂತ. ಆಮೇಲೆ ಮೂರನೆಯದರಲ್ಲಿ 3 ಎಂದು ಬರೆದು, ಒರೆಸಿ, 2 ಮಾಡಿದ.